ಒಳಗೇನಿದೆ ಎಂದು ಕೇಳುವ ಮಕ್ಕಳು

ರಿಪೇರಿ ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ವಾರದಲ್ಲೇ ಸಿಗುವ ಪಾಠವೊಂದಿದೆ. ರೆಸಿಸ್ಟರ್ ಸುಟ್ಟಿದ್ದರೆ ಬಣ್ಣದ ಗೆರೆ ನೋಡಿ ಬದಲಾಯಿಸು. ಕಂಡೆನ್ಸರ್ ಉಬ್ಬಿದ್ದರೆ ಅದನ್ನೂ ಬದಲಾಯಿಸು. ಐಸಿ ಹೋಗಿದ್ದರೆ ಮೇಲಿನ ನಂಬರ್ ಓದಿ ಅದೇ ನಂಬರಿನ ಇನ್ನೊಂದು ಹಾಕು. ಐಸಿಯ ಒಳಗೆ ಏನಿದೆ ಎಂದು ಹುಡುಗ ಕೇಳಿದರೆ, "ಒಳಗೆ ಏನಾದರೂ ಇರಲಿ, ನಿನಗ್ಯಾಕೆ? ನಂಬರ್ ಸರಿ ಇದೆಯಾ ನೋಡು" ಎಂಬ ಉತ್ತರ ಬರುತ್ತದೆ. ಉಸ್ತಾದರನ್ನು ದೂರುವಂತಿಲ್ಲ. ಅವರ ಉಸ್ತಾದರೂ ಅವರಿಗೆ ಹೇಳಿದ್ದು ಇಷ್ಟೇ. ಬಾಗಿಲಲ್ಲಿ ಗಿರಾಕಿ ನಿಂತಿರುವಾಗ ಪಾಠ ಹೇಳಲು ಅವರಿಗೆ ಪುರುಸೊತ್ತೂ ಇಲ್ಲ. ಆದರೆ ಆ ಉತ್ತರ ಕೇಳಿದ ಹುಡುಗ ಮತ್ತೆ ಪ್ರಶ್ನೆ ಕೇಳುವುದಿಲ್ಲ ಎಂಬುದು ಮಾತ್ರ ನಿಜ.

ನಾವು ಮೂವರು ಸ್ನೇಹಿತರು. ಒಬ್ಬರು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಬ್ಬರು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಇನ್ನೊಬ್ಬರು ಟಿ.ವಿ. ರಿಪೇರಿಯಿಂದ ಬದುಕು ಕಟ್ಟಿಕೊಂಡವರು. ಕೆಲವು ವರ್ಷಗಳಿಂದ ನಮ್ಮೂರಿನ ಉರ್ದು ಶಾಲೆಯ ಒಂದು ಕೊಠಡಿಯಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಿದ್ದೇವೆ. ಶುಲ್ಕವಿಲ್ಲ, ಸರ್ಟಿಫಿಕೇಟೂ ಇಲ್ಲ. ಮೊಬೈಲ್ ಅಂಗಡಿಯಲ್ಲಿ ಕೂರುವ ಹುಡುಗರು, ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೇನೆಂದು ತಿಳಿಯದವರು, ಐಟಿಐ ವಿದ್ಯಾರ್ಥಿಗಳು, ಅಣ್ಣನ ಜೊತೆ ಬರುವ ಹೆಣ್ಣುಮಕ್ಕಳು ಎಲ್ಲರೂ ಇದ್ದಾರೆ. ಸಲೀಮನೂ ಬರುತ್ತಾನೆ, ಸಿದ್ದಲಿಂಗನೂ ಬರುತ್ತಾನೆ ಎನ್ನುವಂಥ ತರಗತಿ ಅದು. ಇಲ್ಲಿ ನಾವು ಕಂಡುಕೊಂಡ ಒಂದು ಸಂಗತಿಯನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿದೆ. ಎಲ್ಲ ಮಕ್ಕಳಿಗೂ ಕೇಳಬೇಕೆಂದಿರುವ ಪ್ರಶ್ನೆ ಒಂದೇ: ಆ ಕರಿ ತುಂಡಿನ ಒಳಗೆ ಏನಿದೆ?

ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿದೆ. 'ಐಸಿಯೆಂದರೆ ಇಂಟಿಗ್ರೇಟೆಡ್ ಸರ್ಕ್ಯೂಟ್, ಒಂದೇ ಸಿಲಿಕಾನ್ ಚೂರಿನ ಮೇಲೆ ಸಾವಿರಾರು ಟ್ರಾನ್ಸಿಸ್ಟರುಗಳನ್ನು ಜೋಡಿಸಿರುತ್ತಾರೆ.' ಉತ್ತರ ಸರಿಯಾಗಿಯೇ ಇದೆ. ಆದರೆ ಅದನ್ನು ಕೇಳಿದ ಮಗುವಿಗೆ ಬೆರಗಾಗುತ್ತದೆಯೇ ಹೊರತು ತಿಳಿವಳಿಕೆ ಬರುವುದಿಲ್ಲ. ಸಾವಿರಾರು ಇದ್ದರೆ ಏನು, ಅವು ಮಾಡುವುದೇನು, ಹೇಗೆ ಜೋಡಿಸಿದರು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಬೆರಗು ಹುಟ್ಟಿಸಿ ಸುಮ್ಮನಾಗುವುದು ಜಾದೂಗಾರನ ಕೆಲಸ, ಮೇಷ್ಟರದ್ದಲ್ಲ. ಹೀಗಾಗಿ ನಾವು ಮೂರು ಹೆಜ್ಜೆ ಇಟ್ಟುಕೊಂಡೆವು. ಮೊದಲು ಕಣ್ಣಿಗೆ ಕಾಣಿಸಬೇಕು. ಆಮೇಲೆ ಅದು ಮಾಡುವ ಕೆಲಸ ತಿಳಿಯಬೇಕು. ಕೊನೆಗೆ ಆ ಕೆಲಸವನ್ನು ಕಲ್ಲಿನ ಚೂರೊಂದು ಹೇಗೆ ಮಾಡುತ್ತದೆ ಎಂಬುದಕ್ಕೆ ಬರಬೇಕು.

ಕಣ್ಣಿಗೆ ಕಾಣಿಸುವುದು ಹೇಗೆ? ಕರಿ ಪ್ಲಾಸ್ಟಿಕ್ಕನ್ನು ಒಡೆದರೆ ಒಳಗಿನ ಚೂರೂ ಪುಡಿಯಾಗುತ್ತದೆ. ಆಸಿಡ್ ಹಾಕಿ ಕರಗಿಸುವುದು ಮಕ್ಕಳ ಮುಂದೆ ಮಾಡುವ ಕೆಲಸವಲ್ಲ. ನಮಗೆ ದಾರಿ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಹಳೆಯ ಕಂಪ್ಯೂಟರ್ ಬೋರ್ಡುಗಳ ರಾಶಿಯಲ್ಲಿ ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ ಇರುವ ಐಸಿಗಳು ಸಿಗುತ್ತವೆ. ಇವಕ್ಕೆ ಇಪ್ರೋಮ್ ಎನ್ನುತ್ತಾರೆ. 1971ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ಎಂಬವರು ರೂಪಿಸಿದ ಬಗೆಯ ನೆನಪಿನ ಐಸಿ ಇದು. ಅದರಲ್ಲಿ ಬರೆದುದನ್ನು ಅಳಿಸಬೇಕಾದರೆ ನೇರಳಾತೀತ ಬೆಳಕು ಒಳಗೆ ಬೀಳಬೇಕು, ಅದಕ್ಕಾಗಿಯೇ ಕ್ವಾರ್ಟ್ಝ್ ಗಾಜಿನ ಕಿಟಕಿ. ಅದರ ಮೇಲಿನ ಚೀಟಿ ಕಿತ್ತು ಭೂತಗನ್ನಡಿ ಹಿಡಿದರೆ ಸಾಕು, ಒಳಮನೆ ಕಾಣುತ್ತದೆ.

ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ. ಐಸಿಯ ಮೈ ಒಂದೂವರೆ ಅಂಗುಲ ಉದ್ದವಿದ್ದರೂ ಒಳಗಿನ ಚೂರು ಕಿರುಬೆರಳ ಉಗುರಿಗಿಂತ ಚಿಕ್ಕದು. ಅದರ ಅಂಚಿನಿಂದ ಕೂದಲಿಗಿಂತ ತೆಳ್ಳಗಿನ ತಂತಿಗಳು ಹೊರಟು ಒಂದೊಂದು ಕಾಲಿಗೂ ಸೇರುತ್ತವೆ. ನಡುವೆ ಗದ್ದೆಯ ಮಡಿಗಳಂತೆ ಒಂದೇ ಅಚ್ಚಿನ ಚೌಕಗಳು ಹೊಳೆಯುತ್ತವೆ. ಇಷ್ಟು ನೋಡಿದ ಮೇಲೆ ಒಂದು ಮಾತು ಅವರಿಗೆ ತಾನಾಗಿಯೇ ಮನದಟ್ಟಾಗುತ್ತದೆ. ನಾವು ಐಸಿ ಎಂದು ಕೈಯಲ್ಲಿ ಹಿಡಿಯುವುದರಲ್ಲಿ ಹೆಚ್ಚಿನ ಭಾಗ ಬರೀ ಹೊದಿಕೆ. ಕರಿ ಪ್ಲಾಸ್ಟಿಕ್ಕು, ಲೋಹದ ಕಾಲು, ತಂತಿ ಎಲ್ಲ ಇರುವುದು ಆ ಚೂರನ್ನು ಕಾಪಾಡಲು ಮತ್ತು ನಮ್ಮ ದಪ್ಪ ಬೆರಳು, ದಪ್ಪ ಸೋಲ್ಡರಿಗೆ ಅದನ್ನು ನಿಲುಕಿಸಲು.

ಇಲ್ಲಿ ಸ್ವಲ್ಪ ಚರಿತ್ರೆ ಹೇಳುತ್ತೇವೆ. 1950ರ ದಶಕದ ಕೊನೆಯಲ್ಲಿ ಟ್ರಾನ್ಸಿಸ್ಟರುಗಳು ಬಂದಿದ್ದವು, ಆದರೆ ಒಂದೊಂದನ್ನೂ ಬಿಡಿಬಿಡಿಯಾಗಿ ಬೆಸೆಯಬೇಕಿತ್ತು. ಯಂತ್ರ ದೊಡ್ಡದಾದಷ್ಟೂ ಬೆಸುಗೆಗಳು ಹೆಚ್ಚು, ಬೆಸುಗೆಗಳು ಹೆಚ್ಚಾದಷ್ಟೂ ಕೆಡುವ ಜಾಗಗಳು ಹೆಚ್ಚು. 1958ರ ಬೇಸಿಗೆಯಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೆ ಹೊಸದಾಗಿ ಸೇರಿದ್ದ ಜ್ಯಾಕ್ ಕಿಲ್ಬಿ, ಉಳಿದವರೆಲ್ಲ ರಜೆಗೆ ಹೋಗಿದ್ದಾಗ, ತನಗಿನ್ನೂ ರಜೆಯ ಹಕ್ಕಿಲ್ಲದ ಕಾರಣ ಪ್ರಯೋಗಾಲಯದಲ್ಲಿ ಕುಳಿತು ಯೋಚಿಸಿದರು. ಟ್ರಾನ್ಸಿಸ್ಟರ್ ಮಾಡುವ ವಸ್ತುವಿನಿಂದಲೇ ರೆಸಿಸ್ಟರನ್ನೂ ಕೆಪಾಸಿಟರನ್ನೂ ಮಾಡಿದರೆ ಎಲ್ಲವನ್ನೂ ಒಂದೇ ತುಂಡಿನಲ್ಲಿ ಮಾಡಬಹುದಲ್ಲ! ಅದೇ ವರ್ಷ ಸೆಪ್ಟೆಂಬರ್ 12ರಂದು ಜರ್ಮೇನಿಯಮ್ ತುಂಡೊಂದರ ಮೇಲೆ ಅದನ್ನು ಮಾಡಿ ತೋರಿಸಿದರು. ಅದರಲ್ಲಿ ಭಾಗಗಳನ್ನು ಜೋಡಿಸಿದ್ದ ತಂತಿಗಳು ಇನ್ನೂ ಮೇಲೆಯೇ ಹಾರಾಡುತ್ತಿದ್ದವು. ಮರುವರ್ಷ ಫೇರ್‌ಚೈಲ್ಡ್ ಕಂಪನಿಯ ರಾಬರ್ಟ್ ನೋಯ್ಸ್, ತಂತಿಯ ಬದಲು ಲೋಹದ ತೆಳು ಪದರವನ್ನು ಸಿಲಿಕಾನ್ ಮೇಲೆಯೇ ಅಚ್ಚು ಹಾಕುವ ದಾರಿ ಹೇಳಿದರು. ಕಿಲ್ಬಿಗೆ 2000ದಲ್ಲಿ ನೊಬೆಲ್ ಬಂತು. ನೋಯ್ಸ್ 1990ರಲ್ಲೇ ತೀರಿಕೊಂಡಿದ್ದರು.

ಈ ಕತೆಯಿಂದ ಮಕ್ಕಳಿಗೆ ಸಿಗುವ ತಿಳಿವಳಿಕೆ ಒಂದೇ, ಆದರೆ ಅದು ದೊಡ್ಡದು. ಐಸಿಯ ಒಳಗಿರುವುದು ಬೇರೆ ಲೋಕದ ವಸ್ತುವಲ್ಲ. ಮೇಜಿನ ಮೇಲೆ ಬಿಡಿಯಾಗಿ ಬಿದ್ದಿರುವ ಟ್ರಾನ್ಸಿಸ್ಟರು, ಡಯೋಡು, ರೆಸಿಸ್ಟರುಗಳೇ ಒಳಗೂ ಇವೆ.

ಎರಡನೆಯ ಹೆಜ್ಜೆಗೆ ನಾವು ಆರಿಸಿಕೊಂಡಿರುವುದು 555 ಎಂಬ ಎಂಟು ಕಾಲಿನ ಐಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ, ಒಂದು ಚಹಾದ ದುಡ್ಡಿಗೆ ಬರುತ್ತದೆ. ಕಾಲದ ಲೆಕ್ಕ ಇಡುವುದು ಅದರ ಕೆಲಸ. ದೀಪ ಮಿನುಗಿಸಬಹುದು, ಗಂಟೆ ಬಾರಿಸಬಹುದು, ಇಷ್ಟು ಹೊತ್ತಾದ ಮೇಲೆ ಚಾಲೂ ಆಗು ಎನ್ನಬಹುದು. ಒಳಗಿರುವುದು ಸುಮಾರು 25 ಟ್ರಾನ್ಸಿಸ್ಟರು, ಒಂದೆರಡು ಡಯೋಡು, ಹದಿನೈದರಷ್ಟು ರೆಸಿಸ್ಟರು. ಲೆಕ್ಕ ಕಂಪನಿಯಿಂದ ಕಂಪನಿಗೆ ತುಸು ಬೇರೆಯಾಗುತ್ತದೆ. ಒಬ್ಬ ಮನುಷ್ಯ ಪೂರ್ತಿಯಾಗಿ ತಲೆಯಲ್ಲಿಟ್ಟುಕೊಳ್ಳಬಹುದಾದ ಐಸಿ ಇದು, ನಾವು ಆರಿಸಿದ್ದೂ ಅದಕ್ಕೇ.

ನಾವು ಐಸಿಯನ್ನು ಬದಿಗಿಟ್ಟು ಮನೆಯ ಮೇಲಿನ ನೀರಿನ ಟ್ಯಾಂಕಿನ ಮಾತು ತೆಗೆಯುತ್ತೇವೆ. ಟ್ಯಾಂಕಿನ ಎತ್ತರವನ್ನು ಮೂರು ಸಮಪಾಲು ಮಾಡಿ ಎರಡು ಗೆರೆ ಎಳೆಯಿರಿ. ಮೇಲಿನ ಗೆರೆಯ ಬಳಿ ಒಬ್ಬ ಕಾವಲುಗಾರ, ಕೆಳಗಿನ ಗೆರೆಯ ಬಳಿ ಇನ್ನೊಬ್ಬ. ನೀರು ಮೇಲಿನ ಗೆರೆ ಮುಟ್ಟಿದರೆ ಮೊದಲನೆಯವನು 'ಸಾಕು' ಎಂದು ಕೂಗುತ್ತಾನೆ, ಆಗ ಕೆಳಗಿನ ತೂಬು ತೆರೆದು ನೀರು ಇಳಿಯುತ್ತದೆ. ಕೆಳಗಿನ ಗೆರೆಗೆ ಬಂದಾಗ ಎರಡನೆಯವನು 'ಬೇಕು' ಎನ್ನುತ್ತಾನೆ, ತೂಬು ಮುಚ್ಚಿ ನೀರು ಮತ್ತೆ ಏರುತ್ತದೆ. ನೀರೆಂದರೆ ವಿದ್ಯುತ್ತು, ಟ್ಯಾಂಕೆಂದರೆ ಕಂಡೆನ್ಸರ್, ನಳ್ಳಿಯ ಕೊಳವೆಯೆಂದರೆ ರೆಸಿಸ್ಟರ್. ಕೊಳವೆ ಸಣ್ಣದಾದರೆ ತುಂಬಲು ಹೆಚ್ಚು ಹೊತ್ತು ಬೇಕು, ಟ್ಯಾಂಕ್ ದೊಡ್ಡದಾದರೂ ಹಾಗೆಯೇ. ಕಾಲವನ್ನು ಅಳೆಯುವ ಗುಟ್ಟು ಇಷ್ಟೇ.

ಒಮ್ಮೆ ಇಷ್ಟು ಹೇಳಿ ಮುಂದಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ನೀರು ಎರಡೂ ಗೆರೆಗಳ ಮಧ್ಯೆ ಇರುವಾಗ ಇಬ್ಬರೂ ಸುಮ್ಮನಿರುತ್ತಾರಲ್ಲ? ಆಗ ತೂಬು ತೆರೆದಿರಬೇಕೋ ಮುಚ್ಚಿರಬೇಕೋ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ನಮಗಾದ ಸಂತೋಷ ಅಷ್ಟಿಷ್ಟಲ್ಲ. ನೀರು ಅರ್ಧಕ್ಕಿದೆ ಎಂಬುದರಿಂದ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದಿಲ್ಲ. ಕೊನೆಗೆ ಕೂಗಿದವರು ಯಾರು ಎಂಬುದನ್ನು ನೆನಪಿಟ್ಟುಕೊಳ್ಳುವವರು ಒಬ್ಬರು ಬೇಕೇ ಬೇಕು. 555ರ ಒಳಗೆ ಆ ನೆನಪಿನ ಭಾಗವಿದೆ. ಹೆಸರು ಫ್ಲಿಪ್‌ಫ್ಲಾಪ್. ಎರಡು ಟ್ರಾನ್ಸಿಸ್ಟರುಗಳನ್ನು ಒಂದನ್ನೊಂದು ತಡೆಯುವಂತೆ ಅಡ್ಡಡ್ಡ ಜೋಡಿಸಿದರೆ, ಒಂದು ಎಚ್ಚರವಿದ್ದಷ್ಟು ಹೊತ್ತು ಇನ್ನೊಂದು ಮಲಗಿರುತ್ತದೆ. ಹೊರಗಿನಿಂದ ಒಮ್ಮೆ ತಟ್ಟಿದರೆ ಪಾತ್ರ ಅದಲುಬದಲಾಗುತ್ತದೆ, ಮುಂದಿನ ತಟ್ಟುವಿಕೆಯ ತನಕ ಹಾಗೆಯೇ ಉಳಿಯುತ್ತದೆ. 1918ರಲ್ಲಿ ಎಕ್ಲ್ಸ್ ಮತ್ತು ಜೋರ್ಡಾನ್ ಎಂಬ ಇಂಗ್ಲೆಂಡಿನ ಇಬ್ಬರು ವಾಲ್ವುಗಳಿಂದ ಮಾಡಿದ ಉಪಾಯವಿದು. ಆ ಹುಡುಗಿಗೆ ಅವರ ಹೆಸರೇ ಗೊತ್ತಿರಲಿಲ್ಲ, ಆದರೆ ಅಂಥದೊಂದು ಇರಲೇಬೇಕೆಂದು ಅವಳೇ ಕಂಡುಹಿಡಿದಿದ್ದಳು. ಪುಸ್ತಕದಲ್ಲಿ 'ಫ್ಲಿಪ್‌ಫ್ಲಾಪ್ ಎಂದರೆ' ಎಂದು ಶುರುವಾಗುವ ವಾಕ್ಯವನ್ನು ಬಾಯಿಪಾಠ ಮಾಡಿದವರಿಗೆ ಅದು ಏಕೆ ಬೇಕು ಎಂಬುದು ಹೊಳೆದಿರುವುದಿಲ್ಲ.

ಈಗ ಒಳಗಿನ ಚಿತ್ರ ಪೂರ್ತಿಯಾಯಿತು. ಬ್ಯಾಟರಿಯ ಒತ್ತಡವನ್ನು ಮೂರು ಪಾಲು ಮಾಡಿ ಗೆರೆ ಎಳೆಯಲು ಒಂದೇ ಅಳತೆಯ ಮೂರು ರೆಸಿಸ್ಟರು, ಕಾವಲುಗಾರರಾಗಿ ಎರಡು ಕಂಪ್ಯಾರೇಟರು, ನೆನಪಿಗೆ ಒಂದು ಫ್ಲಿಪ್‌ಫ್ಲಾಪ್, ತೂಬಿನಂತೆ ಒಂದು ಟ್ರಾನ್ಸಿಸ್ಟರು, ಹೊರಗಿನ ದೀಪವನ್ನೋ ರಿಲೇಯನ್ನೋ ನಡೆಸುವ ಶಕ್ತಿ ಕೊಡಲು ಕೊನೆಯ ಒಂದು ಭಾಗ. ಮಕ್ಕಳು ಬ್ರೆಡ್‌ಬೋರ್ಡಿನಲ್ಲಿ ಈ ಭಾಗಗಳನ್ನು ಬಿಡಿಯಾಗಿ ಜೋಡಿಸಿ ಎಲ್‌ಇಡಿ ಮಿನುಗಿಸುತ್ತಾರೆ. ಆಮೇಲೆ ಅದೆಲ್ಲವನ್ನೂ ಕಿತ್ತು ಆ ಜಾಗದಲ್ಲಿ ಒಂದು 555 ಇಡುತ್ತಾರೆ. ದೀಪ ಮೊದಲಿನಂತೆಯೇ ಮಿನುಗುತ್ತದೆ. ಆ ಕ್ಷಣದಲ್ಲಿ ಅವರ ಮುಖ ನೋಡಬೇಕು.

ಇಷ್ಟಾದರೂ ಒಬ್ಬ ಸಂಶಯಗಾರ ಇದ್ದೇ ಇರುತ್ತಾನೆ. "ನೀವು ಹೇಳಿದ್ದೇ ಒಳಗಿದೆ ಎಂದು ನಂಬುವುದು ಹೇಗೆ?" ಒಳ್ಳೆಯ ಪ್ರಶ್ನೆ. 9 ವೋಲ್ಟಿನ ಬ್ಯಾಟರಿಗೆ ಜೋಡಿಸಿದ 555ರ 5ನೇ ಕಾಲಿಗೆ ಮಲ್ಟಿಮೀಟರ್ ಹಿಡಿಯಲು ಅವನಿಗೇ ಹೇಳುತ್ತೇವೆ. 6 ವೋಲ್ಟ್ ತೋರಿಸುತ್ತದೆ. ಹೊರಗಿನಿಂದ ಆ ಕಾಲಿಗೆ ನಾವೇನೂ ಕೊಟ್ಟಿಲ್ಲ. ಒಳಗಿನ ಮೂರು ರೆಸಿಸ್ಟರುಗಳು ಎಳೆದ ಮೇಲಿನ ಗೆರೆ, ಮೂರರಲ್ಲಿ ಎರಡು ಪಾಲು, ಅಲ್ಲಿ ಬಂದು ನಿಂತಿದೆ. ಬ್ಯಾಟರಿಯನ್ನು 6 ವೋಲ್ಟಿಗೆ ಇಳಿಸಿದರೆ ಅದು 4 ವೋಲ್ಟಾಗುತ್ತದೆ. ಮುಚ್ಚಿದ ಪೆಟ್ಟಿಗೆಯ ಒಳಗಿನ ಮಾತನ್ನು ಹೊರಗೆ ನಿಂತು ಪರೀಕ್ಷಿಸಬಹುದು ಎಂಬುದು ಮಕ್ಕಳಿಗೆ ಇಲ್ಲಿ ಸಿಗುವ ಪಾಠ. ಮೇಷ್ಟರು ಹೇಳಿದ್ದಾರೆ ಎಂಬ ಕಾರಣಕ್ಕೆ ನಂಬಬೇಕಿಲ್ಲ.

ಇನ್ನೊಂದು ಪ್ರಯೋಗವಿದೆ. 10 ಸಾವಿರ ಓಮಿನದೊಂದು, 68 ಸಾವಿರ ಓಮಿನದೊಂದು ರೆಸಿಸ್ಟರು, 10 ಮೈಕ್ರೋಫ್ಯಾರಡಿನ ಕಂಡೆನ್ಸರು ಹಾಕಿದರೆ ದೀಪ ಸುಮಾರು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಬ್ಯಾಟರಿ ಬದಲಿಸುವ ಮುಂಚೆ ಒಂದು ನಿಮಿಷ ಎಣಿಸುತ್ತಾರೆ, ಬದಲಿಸಿದ ಮೇಲೆ ಮತ್ತೊಮ್ಮೆ ಎಣಿಸುತ್ತಾರೆ. ಬ್ಯಾಟರಿಯ ಶಕ್ತಿ ಕಡಿಮೆಯಾದರೆ ಮಿನುಗುವುದು ನಿಧಾನವಾಗುತ್ತದೆ ಎಂದು ಎಲ್ಲರ ಊಹೆ. ಆದರೆ ಎಣಿಕೆ ಬದಲಾಗುವುದಿಲ್ಲ. ನೀರು ಬರುವ ರಭಸ ತಗ್ಗಿದ್ದು ನಿಜ, ಜೊತೆಗೆ ಗೆರೆಗಳೂ ಅಷ್ಟೇ ಪ್ರಮಾಣದಲ್ಲಿ ಕೆಳಗಿಳಿದಿವೆ. ಹಾಗಾಗಿ ಹೊತ್ತು ಅಷ್ಟೇ.

ಮೂರನೆಯ ಹೆಜ್ಜೆ ಕಲ್ಲಿನದು. ಸಿಲಿಕಾನ್ ಸಿಗುವುದು ಮರಳಿನ ಕುಲದ ಕಲ್ಲಿನಿಂದ. ಅದನ್ನು ಕಾಯಿಸಿ ಶುದ್ಧಮಾಡಿ, ಒಂದೇ ಹರಳಾಗಿ ಉದ್ದನೆಯ ದಿಂಡು ಬೆಳೆಸಿ, ತೆಳ್ಳಗೆ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಶುದ್ಧ ಸಿಲಿಕಾನ್ ವಿದ್ಯುತ್ತಿಗೆ ಅಷ್ಟಾಗಿ ದಾರಿ ಬಿಡುವುದಿಲ್ಲ. ಲಕ್ಷಗಟ್ಟಲೆ ಸಿಲಿಕಾನ್ ಪರಮಾಣುಗಳ ನಡುವೆ ಒಂದು ರಂಜಕದ ಪರಮಾಣು ಸೇರಿಸಿದರೂ ಅದರ ಗುಣ ಬದಲಾಗುತ್ತದೆ. ಬೋರಾನ್ ಸೇರಿಸಿದರೆ ಇನ್ನೊಂದು ಬಗೆಯಲ್ಲಿ ಬದಲಾಗುತ್ತದೆ. ಈ ಎರಡು ಬಗೆಯ ಪ್ರದೇಶಗಳು ಒತ್ತಿ ಕೂತ ಕಡೆ ಡಯೋಡು, ಮೂರು ಸಾಲಾಗಿ ಬಂದ ಕಡೆ ಟ್ರಾನ್ಸಿಸ್ಟರು. ಉದ್ದನೆಯ ಪಟ್ಟಿಯೊಂದನ್ನು ಹೀಗೆ ಬದಲಾಯಿಸಿ ಬಿಟ್ಟರೆ ಅದೇ ರೆಸಿಸ್ಟರು. ಪ್ರದೇಶಗಳನ್ನು ಗುರುತಿಸುವ ರೀತಿ ನಮ್ಮೂರಿನ ಮಕ್ಕಳಿಗೆ ಹೊಸದಲ್ಲ. ಶಾದಿ ಕಾರ್ಡಿಗೆ ಸ್ಕ್ರೀನ್ ಪ್ರಿಂಟ್ ಮಾಡುವಾಗ ಕೆಂಪಿಗೆ ಒಂದು ಸ್ಕ್ರೀನು, ಬಂಗಾರದ ಬಣ್ಣಕ್ಕೆ ಒಂದು ಸ್ಕ್ರೀನು ಇಡುತ್ತಾರಲ್ಲ, ಹಾಗೆಯೇ ಇಲ್ಲಿಯೂ ಪದರಕ್ಕೊಂದು ಅಚ್ಚು. ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿ, ಅಚ್ಚಿನ ಮೂಲಕ ಬೆಳಕು ಬಿಟ್ಟು, ಬೇಡವಾದುದನ್ನು ತೊಳೆದು, ತೆರೆದ ಜಾಗಕ್ಕಷ್ಟೇ ಬೋರಾನನ್ನೋ ರಂಜಕವನ್ನೋ ಸೇರಿಸುತ್ತಾರೆ. ಕೊನೆಯ ಪದರ ಲೋಹದ್ದು, ಅದೇ ತಂತಿ. ಒಂದು ಬಿಲ್ಲೆಯ ಮೇಲೆ ಸಾವಿರಾರು ಐಸಿಗಳು ಒಟ್ಟಿಗೆ ಅಚ್ಚಾಗುವುದರಿಂದಲೇ ಒಂದೊಂದರ ಬೆಲೆ ಅಷ್ಟು ಕಡಿಮೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಒಳಗೆ ಏನಿದೆ ಎಂದು ತಿಳಿಯುವಷ್ಟೇ ಮುಖ್ಯ, ಒಳಗೆ ಏನಿಲ್ಲ ಎಂದು ತಿಳಿಯುವುದು. ಕಲ್ಲಿನ ಮೇಲೆ ಟ್ರಾನ್ಸಿಸ್ಟರ್ ಮಾಡುವುದು ಸುಲಭ, ಅದಕ್ಕೆ ಬೇಕಾಗುವ ಜಾಗವೂ ಕಡಿಮೆ. ಕಂಡೆನ್ಸರಿಗೆ ಹಾಗಲ್ಲ. 1968ರಲ್ಲಿ ಬಂದ ಪ್ರಸಿದ್ಧ 741 ಐಸಿಯ ಒಳಗೆ 30 ಪಿಕೋಫ್ಯಾರಡಿನ ಒಂದೇ ಒಂದು ಕಂಡೆನ್ಸರಿದೆ, ಅದೊಂದೇ ಚೂರಿನಲ್ಲಿ ದೊಡ್ಡ ಜಾಗ ಹಿಡಿದಿದೆ. ನಮ್ಮ ದೀಪ ಮಿನುಗಿಸಲು ಹಾಕಿದ 10 ಮೈಕ್ರೋಫ್ಯಾರಡ್ ಅದಕ್ಕಿಂತ ಮೂರು ಲಕ್ಷ ಪಟ್ಟು ಹೆಚ್ಚು. ಅದನ್ನು ಒಳಗಿಡಲು ಸಾಧ್ಯವೇ ಇಲ್ಲ. ಟ್ಯಾಂಕು ಸದಾ ಮನೆಯ ಹೊರಗೇ ಇರಬೇಕು.

ರೆಸಿಸ್ಟರುಗಳದ್ದು ಬೇರೆ ಕತೆ. ಕಲ್ಲಿನ ಮೇಲೆ ಸರಿಯಾಗಿ 5 ಸಾವಿರ ಓಮ್ ಮಾಡಿ ಎಂದರೆ ಕಷ್ಟ. ನೂರಕ್ಕೆ ಇಪ್ಪತ್ತರಷ್ಟು ಆಚೀಚೆ ಆಗಬಹುದು. ಆದರೆ ಅಕ್ಕಪಕ್ಕದಲ್ಲಿ ಒಟ್ಟಿಗೆ ಅಚ್ಚಾದ ಮೂರು ರೆಸಿಸ್ಟರುಗಳು ಆಚೀಚೆಯಾದರೂ ಮೂರೂ ಒಂದೇ ಪ್ರಮಾಣದಲ್ಲಿ ಆಗುತ್ತವೆ. ಒಂದೇ ಹಿಟ್ಟಿನ ಮೂರು ರೊಟ್ಟಿಗಳಂತೆ, ಉಪ್ಪು ಹೆಚ್ಚಾದರೆ ಮೂರಕ್ಕೂ ಹೆಚ್ಚು. 555ಕ್ಕೆ ಬೇಕಾದುದು ಮೂರು ಸಮಪಾಲು ಮಾತ್ರ, ಅಳತೆ ಎಷ್ಟಾದರೂ ಇರಲಿ. ವಸ್ತುವಿನ ದೌರ್ಬಲ್ಯ ತಿಳಿದು, ಅದು ಬಾಧಿಸದಂತೆ ಲೆಕ್ಕ ಹಾಕಿದ ತಲೆಯೊಂದು ಇದರ ಹಿಂದಿದೆ.

ಆ ತಲೆ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಅವರದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1934ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಸಿಗ್ನೆಟಿಕ್ಸ್ ಎಂಬ ಕಂಪನಿಯ ನೌಕರಿ ಬಿಟ್ಟು, ಅದೇ ಕಂಪನಿಗೆ ಹೊರಗಿನಿಂದ ಗುತ್ತಿಗೆಯ ಮೇಲೆ 1971ರಲ್ಲಿ ಈ ಐಸಿ ರೂಪಿಸಿದರು. ಮೊದಲು ಬಿಡಿ ಭಾಗಗಳಿಂದ ಬೋರ್ಡಿನ ಮೇಲೆ ಕಟ್ಟಿ ನೋಡಿದರು. ಮೊದಲ ನಕ್ಷೆಗೆ ಒಂಬತ್ತು ಕಾಲು ಬೇಕಿತ್ತು, ಅಂದರೆ 14 ಕಾಲಿನ ದುಬಾರಿ ಹೊದಿಕೆ. ಮತ್ತೆ ಯೋಚಿಸಿ ಒಂದು ಕಾಲು ಉಳಿಸಿದರು, ಎಂಟರಲ್ಲಿ ಕೂತಿತು. ಅಚ್ಚುಗಳನ್ನು ನೂರಾರು ಪಟ್ಟು ದೊಡ್ಡದಾಗಿ, ಕೆಂಪು ಹಾಳೆಯ ಮೇಲೆ ಚಾಕುವಿನಿಂದ ಕೈಯಲ್ಲೇ ಕೊಯ್ದರು. ಆಮೇಲೆ ಫೋಟೋ ತೆಗೆದು ಕಿರಿದುಗೊಳಿಸಿದರು. 1972ರಲ್ಲಿ ಅದು ಮಾರುಕಟ್ಟೆಗೆ ಬಂತು. ಮೂರು 5 ಸಾವಿರ ಓಮಿನ ರೆಸಿಸ್ಟರುಗಳಿಂದ 555 ಎಂಬ ಹೆಸರು ಬಂತೆಂದು ಅನೇಕರು ಹೇಳುತ್ತಾರೆ. ಕಂಪನಿಯವರು ಸುಮ್ಮನೆ ಆರಿಸಿದ ಸಂಖ್ಯೆಯದು ಎಂದು ಸ್ವತಃ ಕ್ಯಾಮೆನ್‌ಜಿಂಡ್ ಸ್ಪಷ್ಟಪಡಿಸಿದ್ದರು. 2012ರಲ್ಲಿ ಅವರು ತೀರಿಕೊಂಡರು. ಅರ್ಧ ಶತಮಾನ ಕಳೆದರೂ ಅವರ ಐಸಿ ಇಂದಿಗೂ ತಯಾರಾಗುತ್ತಿದೆ. ಚಾಕು ಹಿಡಿದು ಹಾಳೆ ಕೊಯ್ಯುತ್ತಿರುವ ಮನುಷ್ಯನ ಚಿತ್ರ ಮಕ್ಕಳ ಮನಸ್ಸಿನಲ್ಲಿ ನಿಂತುಬಿಡುತ್ತದೆ. ಇದನ್ನು ಯಾರೋ ಕೂತು ಮಾಡಿದ್ದು, ಕೈಕೆಲಸದಿಂದ ಆದದ್ದು ಎಂಬ ಭಾವನೆ ಕೈಕೆಲಸದವರ ಮಕ್ಕಳಿಗೆ ಕೊಡುವ ಧೈರ್ಯವೇ ಬೇರೆ.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ನಮ್ಮ ತರಗತಿಗೆ ಬರುವ ಒಬ್ಬ ಹುಡುಗನ ಸಂಗತಿ ಹೇಳುತ್ತೇವೆ. ತಂದೆಯಿಲ್ಲದ ಮನೆ, ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ರಿಪೇರಿ ಅಂಗಡಿ ಸೇರಿದವನು. ಒಮ್ಮೆ ಅಂಗಡಿಗೆ ಫ್ರಿಜ್ಜಿನ ಸ್ಟೆಬಿಲೈಸರೊಂದು ಬಂತು. ಕರೆಂಟು ಹೋಗಿ ಬಂದ ಕೂಡಲೇ ಫ್ರಿಜ್ಜಿಗೆ ವಿದ್ಯುತ್ ಬಿಡದೆ, ಮೂರು ನಿಮಿಷ ತಡೆದು ಬಿಡಬೇಕಾದ ಯಂತ್ರವದು. ಎಷ್ಟು ಹೊತ್ತಾದರೂ ಬಿಡುತ್ತಿರಲಿಲ್ಲ. ಒಳಗಿದ್ದುದು 555. ಉಸ್ತಾದರು ಎರಡು ಸಲ ಐಸಿ ಬದಲಾಯಿಸಿದರು, ಫಲ ಸಿಗಲಿಲ್ಲ. ಬೋರ್ಡೇ ಹೋಗಿದೆ, ಹೊಸದು ತಗೊಳ್ಳಿ ಎಂದು ಗಿರಾಕಿಗೆ ಹೇಳಿಬಿಡು ಎಂದರು. ಗಿರಾಕಿ ಮನೆಯಲ್ಲೇ ಟೈಲರಿಂಗ್ ಮಾಡಿ ಸಂಸಾರ ನಡೆಸುವ ಹೆಂಗಸು.

ಹುಡುಗ ಒಂದು ಗಂಟೆ ಅವಕಾಶ ಕೇಳಿದ. ಯಂತ್ರದ ಮಂಡಲಕ್ಕೆ 12 ವೋಲ್ಟಿನ ಸಪ್ಲೈ ಇತ್ತು. 5ನೇ ಕಾಲಿನಲ್ಲಿ 8 ವೋಲ್ಟ್ ಬಂತು. ಅಂದರೆ ಒಳಗಿನ ಗೆರೆ ಸರಿಯಾಗಿದೆ. ಮೀಟರನ್ನು 6ನೇ ಕಾಲಿಗೆ, ಕಂಡೆನ್ಸರಿನ ಮೇಲೆ ಇಟ್ಟು ಕಾದ. ಮುಳ್ಳು 2ಕ್ಕೆ ಬಂತು, 3ಕ್ಕೆ ಬಂತು, 5ರ ಹತ್ತಿರ ಬಂದು ನಿಂತುಬಿಟ್ಟಿತು. ಎಷ್ಟು ಕಾದರೂ 8ರ ಗೆರೆ ಮುಟ್ಟಲಿಲ್ಲ. ಮೇಲಿನ ಕಾವಲುಗಾರ ಕೂಗುವುದಾದರೂ ಹೇಗೆ? ನೀರು ತುಂಬಿದಷ್ಟೂ ಸೋರುತ್ತಿದ್ದರೆ ಮಾತ್ರ ಹೀಗಾಗುತ್ತದೆ. 100 ಮೈಕ್ರೋಫ್ಯಾರಡಿನ ಹಳೆಯ ಕಂಡೆನ್ಸರನ್ನು ಕಿತ್ತು ಹೊಸದು ಹಾಕಿದ. ಮೂರು ನಿಮಿಷಕ್ಕೆ ರಿಲೇ 'ಟಕ್' ಎಂದಿತು. ಖರ್ಚಾದದ್ದು ಕೆಲವೇ ರೂಪಾಯಿ. ಮುಂದಿನ ಭಾನುವಾರ ಬಂದವನು ಹೇಳಿದ್ದು ಒಂದೇ ಮಾತು: "ಸರ್, ಟ್ಯಾಂಕ್ ತೂತಾಗಿತ್ತು." ಅವನ ಉಸ್ತಾದರು ಅಂದಿನಿಂದ ತಮ್ಮ ಇನ್ನಿಬ್ಬರು ಹುಡುಗರನ್ನೂ ನಮ್ಮಲ್ಲಿಗೆ ಕಳಿಸುತ್ತಿದ್ದಾರೆ. ನಮ್ಮ ಮಟ್ಟಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ.

ಒಳಗೇನಿದೆ ಎಂದು ತಿಳಿದವನಿಗೆ ಐಸಿಯನ್ನು ಅನುಮಾನಿಸುವ ಮುಂಚೆ ಹೊರಗಿನದನ್ನು ಅನುಮಾನಿಸಬೇಕೆಂದು ತಿಳಿದಿರುತ್ತದೆ. ತಿಳಿಯದವನು ನಂಬರ್ ಬದಲಾಯಿಸುತ್ತಾನೆ, ಆಮೇಲೆ ಬೋರ್ಡ್ ಬದಲಾಯಿಸುತ್ತಾನೆ, ಕೊನೆಗೆ ಯಂತ್ರವನ್ನೇ ಬದಲಾಯಿಸಲು ಹೇಳುತ್ತಾನೆ. ಅವನ ಕಸುಬು ದಿನದಿನಕ್ಕೂ ಅವನ ಕೈಬಿಟ್ಟು ಹೋಗುತ್ತಿರುತ್ತದೆ. ರೇಡಿಯೋ ಕಾಲದಿಂದ ಟಿ.ವಿ.ಗೆ, ಟಿ.ವಿ.ಯಿಂದ ಮೊಬೈಲಿಗೆ ಬಂದ ನಮ್ಮ ಸಮುದಾಯದ ಎಷ್ಟೋ ಮನೆಗಳ ಕತೆ ಇದೇ. ಪ್ರತಿ ತಿರುವಿನಲ್ಲೂ ಉಳಿದುಕೊಂಡವರು ತತ್ವ ತಿಳಿದವರು. ನಂಬರನ್ನಷ್ಟೇ ನಂಬಿದವರು ಅಂಗಡಿ ಮುಚ್ಚಿದರು.

ಭಾಷೆಯ ಮಾತೂ ಇದೆ. ಐಸಿಯ ವಿವರ ಪತ್ರಗಳೆಲ್ಲ ಇಂಗ್ಲಿಷಿನಲ್ಲಿವೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ಮಗುವಿಗೆ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾದ ಹೊದಿಕೆ ಅದು. ನಾವು ಇಂಗ್ಲಿಷಿನ ಪದಗಳನ್ನು ಬಿಡಿಸುವುದಿಲ್ಲ. ರೆಸಿಸ್ಟರನ್ನು ರೆಸಿಸ್ಟರೆಂದೇ ಕರೆಯುತ್ತೇವೆ, ಅಂಗಡಿಯಲ್ಲಿ ಕೇಳಬೇಕಾದ ಹೆಸರು ಅದೇ ತಾನೆ. ಆದರೆ 'ಏಕೆ' ಮತ್ತು 'ಹೇಗೆ' ಎಂಬ ಮಾತುಗಳು ಮಗುವಿನ ಸ್ವಂತ ಭಾಷೆಯಲ್ಲೇ ನಡೆಯಬೇಕು. ತೂಬಿನ ಪ್ರಶ್ನೆ ಕೇಳಿದ ಆ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಕೇಳಬೇಕಾಗಿದ್ದರೆ ಕೈ ಎತ್ತುತ್ತಲೇ ಇರಲಿಲ್ಲ.

ಕೊನೆಗೆ ಮಕ್ಕಳು ಮೊಬೈಲನ್ನು ಮೇಜಿನ ಮೇಲಿಟ್ಟು, ಇದರೊಳಗೆ ಏನಿದೆ ಎನ್ನುತ್ತಾರೆ. 555 ರೂಪುಗೊಂಡ 1971ರಲ್ಲೇ ಇಂಟೆಲ್ ಕಂಪನಿ 4004 ಎಂಬ ಪ್ರೊಸೆಸರ್ ತಂದಿತು, ಅದರಲ್ಲಿದ್ದುದು 2300 ಟ್ರಾನ್ಸಿಸ್ಟರು. 2020ರಲ್ಲಿ ಆಪಲ್ ಕಂಪನಿ ಕಂಪ್ಯೂಟರುಗಳಿಗೆಂದು ತಂದ ಎಂ1 ಚಿಪ್ಪಿನಲ್ಲಿ 1600 ಕೋಟಿ. ಇಷ್ಟನ್ನೂ ಒಬ್ಬರೇ ತಲೆಯಲ್ಲಿ ಇಟ್ಟುಕೊಳ್ಳಲಾಗದು, ಅದನ್ನು ಮಾಡಿದವರಿಗೂ ಆಗದು. ಅವರು ಮಾಡುವುದೂ ನಮ್ಮ ತರಗತಿಯಲ್ಲಿ ಮಾಡಿದ್ದನ್ನೇ. ಟ್ರಾನ್ಸಿಸ್ಟರುಗಳನ್ನು ಸೇರಿಸಿ ನೆನಪಿನ ಒಂದು ಮನೆ, ಅಂಥ ಮನೆಗಳನ್ನು ಸೇರಿಸಿ ಒಂದು ಓಣಿ, ಓಣಿಗಳನ್ನು ಸೇರಿಸಿ ಒಂದು ಊರು. ಊರಿನ ಪ್ರತಿ ಮನೆಯೂ ಒಬ್ಬನಿಗೆ ಗೊತ್ತಿರಬೇಕಿಲ್ಲ, ಒಂದು ಮನೆ ಚೆನ್ನಾಗಿ ಗೊತ್ತಿದ್ದರೆ ಊರೆಂದರೆ ಭಯವಿಲ್ಲ. ಕಿಲ್ಬಿ ಮೊದಲ ಐಸಿ ಮಾಡಿದ ಆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯೇ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಬೇರೆ ಕಂಪನಿಗಳೂ ಹಿಂಬಾಲಿಸಿದವು. ಇಂದು ಜಗತ್ತಿನ ಎಷ್ಟೋ ಚಿಪ್ಪುಗಳ ನಕ್ಷೆ ತಯಾರಾಗುವುದು ನಮ್ಮದೇ ರಾಜ್ಯದಲ್ಲಿ. ನಮ್ಮ ತರಗತಿಯ ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಾರೆಂದು ನಾವು ಹೇಳುತ್ತಿಲ್ಲ. ಆ ಕಟ್ಟಡದ ಒಳಗೆ ನಡೆಯುವುದು ತಮಗೆ ಅರ್ಥವಾಗದ ಮಾಯೆಯೆಂದು ಅವರು ತಲೆತಗ್ಗಿಸಿ ನಡೆಯಬಾರದು ಎಂಬುದಷ್ಟೇ ನಮ್ಮ ಆಸೆ.

ಓದುಗರಲ್ಲಿ ಎಲೆಕ್ಟ್ರಾನಿಕ್ಸ್ ಬಲ್ಲವರು ಅನೇಕರಿರಬಹುದು. ನಿಮ್ಮೂರಿನಲ್ಲೂ ಖಾಲಿ ಕೊಠಡಿಯೊಂದು, ಗುಜರಿ ಅಂಗಡಿಯೊಂದು, ಪ್ರಶ್ನೆ ಕೇಳಬೇಕೆಂದಿರುವ ಹತ್ತು ಮಕ್ಕಳು ಇದ್ದೇ ಇರುತ್ತಾರೆ. ಒಂದು ಭೂತಗನ್ನಡಿ, ಒಂದು ಮಲ್ಟಿಮೀಟರ್, ಕೆಲವು 555 ಐಸಿಗಳು ಸಾಕು, ಶುರುಮಾಡಬಹುದು.